ಇಬ್ಬರು ಮಕ್ಕಳಿಗೆ ಒಂದು ಕುರ್ಚಿ: ಮೈಸೂರಿನ ಆಸ್ಪತ್ರೆಯೊಂದರ ನವಜಾತ ಶಿಶು ಘಟಕದಲ್ಲಿ 13 ದಿನ

ಕಳೆದ ಮಳೆಗಾಲದಲ್ಲಿ ನಮ್ಮ ಅವಳಿ ಮಕ್ಕಳು ಮೈಸೂರಿನ ಖಾಸಗಿ ಆಸ್ಪತ್ರೆಯೊಂದರ ನವಜಾತ ಶಿಶು ಘಟಕದಲ್ಲಿದ್ದ 13 ದಿನಗಳನ್ನು ಆಧರಿಸಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನಾನು ಕಂಡದ್ದು ಒಂದೇ ಆಸ್ಪತ್ರೆಯನ್ನು, ಅದೂ ಒಂದೇ ಬಾರಿ; ಆದ್ದರಿಂದ ಮೆಚ್ಚುಗೆಯ ಜೊತೆಗೆ ದೂರುಗಳೂ ಇರುವ ಈ ಬರಹದಲ್ಲಿ ಅದರ ಹೆಸರನ್ನು ಹೇಳುತ್ತಿಲ್ಲ. ಅವಳಿ ಬಸುರಿನಲ್ಲಿ ಆಸ್ಪತ್ರೆ ಹುಡುಕುತ್ತಿರುವವರಿಗೆ, ಸೇರುವ ಮುನ್ನ ಏನನ್ನು ಕೇಳಿ ತಿಳಿದುಕೊಳ್ಳಬೇಕು ಎಂಬುದು ಹೆಸರಿಗಿಂತ ಹೆಚ್ಚು ಉಪಯೋಗಕ್ಕೆ ಬಂದೀತು.

ನನಗೆ 34 ವಾರ 5 ದಿನಕ್ಕೆ ಗರ್ಭದ ನೀರು ಹೋಗಿ, ಅದೇ ರಾತ್ರಿ ಸಿಸೇರಿಯನ್ ಮಾಡಬೇಕಾಯಿತು. ಮೊದಲು ಹೆಣ್ಣು, 2,140 ಗ್ರಾಂ. ಎರಡು ನಿಮಿಷದ ನಂತರ ಗಂಡು, 1,880 ಗ್ರಾಂ. 37 ವಾರ ತುಂಬುವ ಮುನ್ನ ಹುಟ್ಟಿದವರೆಲ್ಲ ವೈದ್ಯರ ಲೆಕ್ಕದಲ್ಲಿ ಅವಧಿಪೂರ್ವ ಶಿಶುಗಳೇ. ಅವಳಿ ಬಸುರಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೆರಿಗೆಗಳು ಆ ಗಡಿಯೊಳಗೇ ಆಗುವುದರಿಂದ ನಮ್ಮದು ಅಪರೂಪದ ಪ್ರಸಂಗವೇನೂ ಆಗಿರಲಿಲ್ಲ. ನೋಡಲು ಬಂದವರೆಲ್ಲ "ಸ್ವಲ್ಪ ಮುಂಚೆ ಅಷ್ಟೇ, ಏನೂ ಆಗಲ್ಲ" ಎಂದು ಸಮಾಧಾನ ಹೇಳಿದರು. ಆ "ಸ್ವಲ್ಪ" ಎಂಬ ಮಾತೇ ಮುಂದಿನ 13 ದಿನ ನಮ್ಮನ್ನು ಆಡಿಸಿತು. ವೆಂಟಿಲೇಟರ್ ಬೇಕಾಗುವಷ್ಟು ಕಾಯಿಲೆಯೂ ಇಲ್ಲದ, ತಾಯಿಯ ಮಗ್ಗುಲಲ್ಲಿ ಮಲಗಿಸಿಬಿಡುವಷ್ಟು ಬಲಿತೂ ಇರದ ಈ ನಡುವಿನ ಮಕ್ಕಳಿಗೆ ಬೇಕಾದ ಯಂತ್ರಗಳು ಆ ಆಸ್ಪತ್ರೆಯಲ್ಲಿದ್ದವು, ಪಳಗಿದ ಕೈಗಳೂ ಇದ್ದವು. ತಾಯಿಗೆ ಮಾತ್ರ ಜಾಗವಿರಲಿಲ್ಲ. ನನ್ನ ತಕರಾರೆಲ್ಲ ಇದರ ಸುತ್ತಲೇ ಇದೆ.

ಒಳ್ಳೆಯದನ್ನು ಮೊದಲು ಹೇಳಬೇಕು. ಮಕ್ಕಳ ವೈದ್ಯರು ಮರುದಿನ ಬೆಳಿಗ್ಗೆ ನನ್ನ ಹಾಸಿಗೆಯ ಬಳಿಗೇ ಬಂದು, ಕುರ್ಚಿ ಎಳೆದುಕೊಂಡು ಕುಳಿತು, ಕಾಲು ಗಂಟೆ ಮಾತನಾಡಿದರು. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ 34ನೇ ವಾರದ ಆಸುಪಾಸಿನಲ್ಲಿ ಬರತೊಡಗಿದರೂ ಅದಿನ್ನೂ ಗಟ್ಟಿಯಾಗಿರುವುದಿಲ್ಲವಾದ್ದರಿಂದ ಮಕ್ಕಳು ನಾಲ್ಕು ಗುಟುಕಿಗೇ ದಣಿದು ನಿದ್ದೆ ಹೋಗುತ್ತಾರೆಂದೂ, ಚರ್ಮದಡಿಯ ಕೊಬ್ಬು ಕಡಿಮೆಯಿರುವುದರಿಂದ ಮೈ ಬೇಗ ತಣ್ಣಗಾಗುತ್ತದೆಂದೂ, ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಕಡಿಮೆಯಿರುವುದರಿಂದ ರಕ್ತದ ಸಕ್ಕರೆ ಇಳಿಯಬಹುದೆಂದೂ, ಅದೇ ಯಕೃತ್ತು ಎಳೆಯದಾದ್ದರಿಂದ ಕಾಮಾಲೆ ದಿನ ತುಂಬಿದ ಮಕ್ಕಳಿಗಿಂತ ಹೆಚ್ಚು ದಿನ ಉಳಿಯುತ್ತದೆಂದೂ ವಿವರಿಸಿದರು. ಮಗನ ಉಸಿರು ನಿಮಿಷಕ್ಕೆ 70 ದಾಟಿತ್ತು. ಅದು 60ರ ಒಳಗಿರಬೇಕು. ಶ್ವಾಸಕೋಶದೊಳಗಿನ ನೀರು ಇನ್ನೂ ಪೂರ್ತಿ ಇಂಗಿಲ್ಲ, ಒಂದೆರಡು ದಿನದಲ್ಲಿ ಸರಿಹೋಗುತ್ತದೆ ಎಂದರು. ಮೂಗಿನ ಕೊಳವೆಯಲ್ಲಿ ಕೊಡುತ್ತಿದ್ದ ಆಮ್ಲಜನಕವನ್ನು ಅವರ ಮಾತಿನಂತೆಯೇ ಮರುದಿನ ಸಂಜೆ ತೆಗೆದರು. ಹೀಗೆ ಆಗಬಹುದಾದದ್ದನ್ನೆಲ್ಲ ಮೊದಲೇ ಹೇಳಿಬಿಟ್ಟಿದ್ದರಿಂದ, ಮುಂದೆ ಅವು ಒಂದೊಂದಾಗಿ ಎದುರಾದಾಗ ನಮ್ಮ ಗಾಬರಿ ಅರ್ಧ ಕಡಿಮೆಯಾಯಿತು.

ಎಲ್ಲರೂ ಎನ್‌ಐಸಿಯು ಎಂದೇ ಕರೆಯುವ ಘಟಕ ಮೊದಲ ಮಹಡಿಯಲ್ಲಿತ್ತು, ಬಾಣಂತಿಯರ ವಾರ್ಡು ಮೂರನೆಯದರಲ್ಲಿ. ಸ್ವಚ್ಛತೆಯ ಬಗ್ಗೆ ಎರಡು ಮಾತಿಲ್ಲ. ಬಳೆ, ಉಂಗುರ, ಗಡಿಯಾರ ತೆಗೆದು, ಮೊಣಕೈವರೆಗೆ ಸೋಪು ಹಚ್ಚಿ ತೊಳೆಯದೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಆತುರದಲ್ಲಿ ನುಗ್ಗಿದ ವೈದ್ಯರೊಬ್ಬರನ್ನೇ ಸಿಸ್ಟರ್ ಒಬ್ಬರು ತಡೆದು ಸಿಂಕಿನ ಕಡೆ ಕೈ ತೋರಿಸಿದ್ದನ್ನು ನಾನೇ ನೋಡಿದ್ದೇನೆ. ವಾರ್ಮರಿನಡಿ ಮಲಗಿದ್ದ ಮಕ್ಕಳ ಹೊಟ್ಟೆಗೆ ಅಂಟಿಸಿದ ಪುಟ್ಟ ಬಿಲ್ಲೆ ಮೈಯ ಉಷ್ಣಾಂಶವನ್ನು 36.5ರಿಂದ 37.5 ಡಿಗ್ರಿಯೊಳಗೆ ಕಾಯುತ್ತಿತ್ತು. ಕಾಲಿಗೆ ಕಟ್ಟಿದ ಕೆಂಪು ದೀಪದ ಪಟ್ಟಿ ರಕ್ತದ ಆಮ್ಲಜನಕವನ್ನು ಅಳೆಯುತ್ತಿತ್ತು. ಮಗು ಕಾಲು ಝಾಡಿಸಿದಾಗಲೆಲ್ಲ ಅದು ಕೂಗಿಕೊಳ್ಳುವುದಕ್ಕೆ ಎರಡು ದಿನದಲ್ಲಿ ಒಗ್ಗಿಕೊಂಡೆವು. ಮಗಳ ತೊಟ್ಟಿಲಿನ ಮೇಲೆ "ಟ್ವಿನ್ 1", ಮಗನದರ ಮೇಲೆ "ಟ್ವಿನ್ 2" ಎಂದು ಬರೆದಿತ್ತು. ನಾಮಕರಣವಾಗುವವರೆಗೆ ಹೆಸರಿಡದ ನಮ್ಮ ಮನೆಯ ಪದ್ಧತಿಯಿಂದಾಗಿ ಆ ಸಂಖ್ಯೆಗಳೇ ಹೆಸರಾಗಿ, ಸಿಸ್ಟರ್‌ಗಳು "ಟೂ ಇವತ್ತು ಚೆನ್ನಾಗಿ ಕುಡಿದ" ಎಂದು ವರದಿ ಒಪ್ಪಿಸುತ್ತಿದ್ದರು.

ಮೊದಲ ಅಸಮಾಧಾನ ಹುಟ್ಟಿದ್ದು ಮೊದಲ ರಾತ್ರಿಯೇ. ಮಗಳ ಹಿಮ್ಮಡಿ ಚುಚ್ಚಿ ನೋಡಿದಾಗ ಸಕ್ಕರೆ 38ಕ್ಕೆ ಇಳಿದಿತ್ತು; 45ಕ್ಕಿಂತ ಕೆಳಗಿಳಿದರೆ ಕಾಯುವಂತಿಲ್ಲ. ಕೂಡಲೇ ಡಬ್ಬಿಯ ಹಾಲು ಕೊಟ್ಟರು, ಒಂದು ಗಂಟೆಯಲ್ಲಿ ಸಕ್ಕರೆ ಏರಿತು. ಕೊಟ್ಟದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ಮೂರನೆಯ ಮಹಡಿಯಲ್ಲಿ ಎಚ್ಚರವಾಗಿಯೇ ಇದ್ದ ನನಗೂ, ಘಟಕದ ಬಾಗಿಲಲ್ಲೇ ಕುಳಿತಿದ್ದ ನನ್ನ ಗಂಡನಿಗೂ ಒಂದು ಮಾತು ತಿಳಿಸದೆ ಕೊಟ್ಟು, ಬೆಳಿಗ್ಗೆ ಚೀಟಿಯಲ್ಲಿ "ಫಾರ್ಮುಲಾ 10 ಮಿ.ಲೀ." ಎಂದು ಬರೆದದ್ದನ್ನು ನಾವೇ ಓದಿ ತಿಳಿಯುವಂತೆ ಮಾಡಿದ್ದು ತಪ್ಪು. ಕೇಳಿದ್ದರೆ ಆ ಹೊತ್ತಿಗೇ ಹಾಲು ಹಿಂಡಲು ಪ್ರಯತ್ನಿಸುತ್ತಿದ್ದೆ. ದಾನಿ ತಾಯಂದಿರ ಹಾಲು ಇದೆಯೇ ಎಂದು ವಿಚಾರಿಸಿದರೆ ಅಲ್ಲಿ ಇರಲಿಲ್ಲ. ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕು ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲೇ ಶುರುವಾಗಿದೆ, ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ಇದೆ. ಇಷ್ಟು ದುಬಾರಿ ಘಟಕವನ್ನು ನಡೆಸುವವರು ಅದರ ಬಗ್ಗೆ ಯೋಚಿಸಿಯೇ ಇಲ್ಲವೆನ್ನುವುದು ಸೋಜಿಗ.

ಹಾಲಿನ ವಿಷಯದಲ್ಲಿ ನಮ್ಮನ್ನು ಕಾಪಾಡಿದವರು ರಾತ್ರಿ ಪಾಳಿಯ ಒಬ್ಬ ಸಿಸ್ಟರ್. ಹಾಲೂಡಿಸುವ ಸಲಹೆಗಾರ್ತಿ ಎಂಬ ಹುದ್ದೆಯವರು ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಮಾತ್ರ ಸಿಗುತ್ತಿದ್ದರು, ಭಾನುವಾರ ಅದೂ ಇಲ್ಲ. ಮಕ್ಕಳ ಹಸಿವಿಗೆ ಕಚೇರಿಯ ವೇಳೆ ಗೊತ್ತಾಗುವುದಿಲ್ಲ. ಹಾವೇರಿ ಕಡೆಯ ಆ ಸಿಸ್ಟರ್ ಎರಡನೆಯ ರಾತ್ರಿ ಎರಡು ಗಂಟೆಗೆ ತಮ್ಮ ಬಿಡುವಿನ ಹೊತ್ತಿನಲ್ಲಿ ಮೂರನೆಯ ಮಹಡಿಗೆ ಬಂದು, ಹೊಲಿಗೆಯ ನೋವಿನಲ್ಲಿ ಏಳಲಾರದೆ ಒದ್ದಾಡುತ್ತಿದ್ದ ನನ್ನ ಬೆನ್ನಿಗೆ ದಿಂಬು ಕೊಟ್ಟು, "ಅಕ್ಕಾರ, ಒಮ್ಮಿಗೇ ಹಿಂಡಬ್ಯಾಡ್ರಿ, ಮದ್ಲ ಎದಿ ಕಡೆ ಹಿಂದಕ್ಕ ಒತ್ರಿ, ಆಮ್ಯಾಲ ಬೆರಳು ಕೂಡಸ್ರಿ" ಎಂದು ತೋರಿಸಿಕೊಟ್ಟರು. ಇಪ್ಪತ್ತು ನಿಮಿಷಕ್ಕೆ ಬಂದದ್ದು 3 ಮಿ.ಲೀ., ಅರಿಸಿನ ಬಣ್ಣದ ಅಂಟಂಟು ಹಾಲು. ಇಷ್ಟೇನಾ ಎಂದು ನನಗೆ ಅಳು ಬಂತು. ಅವರು ಅದನ್ನು ಸೂಜಿಯಿಲ್ಲದ ಎರಡು ಸಿರಿಂಜಿಗೆ ಒಂದೂವರೆ, ಒಂದೂವರೆ ಎಂದು ಸಮನಾಗಿ ಎಳೆದುಕೊಂಡು, ಚೀಟಿ ಅಂಟಿಸಿ, ಪ್ರಸಾದ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು. ಹೊಟ್ಟೆಯ ಲೆಕ್ಕವೂ ಆಮೇಲೆ ಅರ್ಥವಾಯಿತು. ಮೊದಲ ದಿನ ಕಿಲೋ ತೂಕಕ್ಕೆ ಸುಮಾರು 60 ಮಿ.ಲೀ. ಸಾಕು, ಅಂದರೆ ಎರಡು ಕಿಲೋ ತೂಗುವ ಮಗುವಿಗೆ ಎರಡು ಗಂಟೆಗೊಮ್ಮೆ 10 ಮಿ.ಲೀ.; ಆಮೇಲೆ ದಿನದಿಂದ ದಿನಕ್ಕೆ ಏರಿಸುತ್ತಾ ಕಿಲೋಗೆ 150ರವರೆಗೆ ಒಯ್ಯುತ್ತಾರೆ. ನಾಲ್ಕನೆಯ ದಿನದ ಹೊತ್ತಿಗೆ ಇಬ್ಬರಿಗೂ ಸಾಲುವಷ್ಟು ಹಾಲು ನನ್ನಲ್ಲೇ ಆಯಿತು, ಡಬ್ಬಿ ನಿಂತಿತು.

ಮಗನಿಗೆ ಮೊದಲ ಮೂರು ದಿನ ಬಾಯಿಂದ ಹೊಟ್ಟೆಗಿಳಿಸಿದ ಸಣ್ಣ ಕೊಳವೆಯಲ್ಲಿ ಹಾಲು ಹೋಗುತ್ತಿತ್ತು. ಮಗಳಿಗೆ ಮೊದಲಿನಿಂದಲೂ ಪಾಲಡೈ ಎನ್ನುವ ಮೂತಿಯಿರುವ ಬಟ್ಟಲಿನಲ್ಲಿ ಕುಡಿಸುತ್ತಿದ್ದರು. ಅದನ್ನು ಮೊದಲ ಸಲ ನೋಡಿದ ಅಮ್ಮ "ಅಯ್ಯೋ, ಇದು ನಮ್ಮ ಒಳಲೆ ಕಣವ್ವ" ಎಂದು ಜೋರಾಗಿ ನಕ್ಕುಬಿಟ್ಟರು. ನಾನು ಕುಡಿದ ಬೆಳ್ಳಿಯ ಒಳಲೆ ಪಾಂಡವಪುರದ ಮನೆಯಲ್ಲಿ ಇನ್ನೂ ಇದೆ. ಆಸ್ಪತ್ರೆಯದು ಸ್ಟೀಲಿನದು, ಪ್ರತಿ ಸಲವೂ ಕುದಿಸಿದ್ದು, ಅಷ್ಟೇ ವ್ಯತ್ಯಾಸ. ಬಾಟಲಿಯನ್ನು ಘಟಕದೊಳಗೆ ತರಲೇ ಬಿಡದಿದ್ದದ್ದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಜೇನುತುಪ್ಪ ನೆಕ್ಕಿಸುವುದಕ್ಕೂ ಬಜೆ ತೇಯ್ದು ಹಾಕುವುದಕ್ಕೂ ಅವಕಾಶ ಸಿಗದೆ ಅಮ್ಮ ಒಂದು ದಿನ ಮುನಿಸಿಕೊಂಡಿದ್ದರು. ಆದರೆ ಒಳಲೆಯಿಂದ ಹನಿ ಹನಿಯಾಗಿ, ಮಗು ನುಂಗುವವರೆಗೆ ಕಾದು ಹಾಕುವುದರಲ್ಲಿ ಅವರ ಕೈ ಸಿಸ್ಟರ್‌ಗಳದಕ್ಕಿಂತ ನಿಧಾನವೂ ನಯವೂ ಆಗಿರುವುದನ್ನು ಕಂಡ ಮೇಲೆ, ಹಗಲಿನ ಎರಡು ಸರದಿಯನ್ನು ಅವರಿಗೇ ಬಿಟ್ಟುಕೊಟ್ಟರು.

ಈಗ ಕಾಂಗರೂ ಆರೈಕೆಯ ವಿಷಯ. ಮಗುವಿಗೆ ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ ತೊಡಿಸಿ, ತಾಯಿಯ ಬರಿಯ ಎದೆಗೆ ನೆಟ್ಟಗೆ ಅವುಚಿ ಬಟ್ಟೆಯಿಂದ ಬಿಗಿದು ಕಟ್ಟಿಕೊಳ್ಳುವ ಈ ಪದ್ಧತಿ 1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದಲ್ಲಿ ಡಾ. ಎಡ್ಗರ್ ರೇ ಸನಾಬ್ರಿಯಾ ಅವರಿಂದ ಶುರುವಾಯಿತು. ಇನ್‌ಕ್ಯುಬೇಟರುಗಳು ಸಾಲದ ಆಸ್ಪತ್ರೆಯಲ್ಲಿ ಹುಟ್ಟಿದ ಉಪಾಯವಾದರೂ ಇವತ್ತು ಅದು ಯಂತ್ರಕ್ಕೆ ಬದಲಿ ವ್ಯವಸ್ಥೆಯಾಗಿ ಉಳಿದಿಲ್ಲ. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ 1.8 ಕಿಲೋಗಿಂತ ಕಡಿಮೆ ತೂಕದ ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಶುರು ಮಾಡಿದ ಮಕ್ಕಳಲ್ಲಿ ಮೊದಲ 28 ದಿನಗಳ ಸಾವು ನಾಲ್ಕನೆಯ ಒಂದು ಪಾಲು ಕಡಿಮೆಯಾಗಿತ್ತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವಧಿಪೂರ್ವ ಮಕ್ಕಳಿಗೂ ಕಡಿಮೆ ತೂಕದ ಮಕ್ಕಳಿಗೂ ದಿನಕ್ಕೆ 8ರಿಂದ 24 ಗಂಟೆ ಈ ಆರೈಕೆ ಸಿಗಲಿ ಎಂದು ಹೇಳಿತು. ಇದನ್ನೆಲ್ಲ ಚಿತ್ರ ಸಮೇತ ಬರೆದ ದೊಡ್ಡ ಫಲಕ ಘಟಕದ ಗೋಡೆಯ ಮೇಲೆಯೇ ಇತ್ತು. ಅದರ ಕೆಳಗೆ ಇನ್ನೊಂದು ಚೀಟಿ: ತಾಯಂದಿರಿಗೆ ಪ್ರವೇಶ ಬೆಳಿಗ್ಗೆ 10ರಿಂದ 12, ಸಂಜೆ 4ರಿಂದ 6.

ದಿನಕ್ಕೆ ನಾಲ್ಕು ಗಂಟೆ. ಒಂದು ಮಗುವಿನ ತಾಯಿಗೇ ಅದು ಹೇಳಿದ್ದರ ಅರ್ಧ, ನನಗೆ ಇಬ್ಬರು. ಒರಗುವ ಕುರ್ಚಿಗಳು ಇದ್ದದ್ದು ಮೂರು, ತಾಯಂದಿರು ಏಳು ಜನ, ಆದ್ದರಿಂದ ಒಬ್ಬ ತಾಯಿಗೆ ಒಂದು ಸರದಿ ಎಂಬ ನಿಯಮ. ಮೊದಲ ಗಂಟೆ ಮಗಳನ್ನು ಕಟ್ಟಿಕೊಂಡರೆ ಎರಡನೆಯ ಗಂಟೆಗೆ ಬೇರೆಯವರು ಕಾಯುತ್ತಿರುತ್ತಿದ್ದರು, ಮಗ ಹಾಗೆಯೇ ಉಳಿಯುತ್ತಿದ್ದ. ನನಗೆ ಇಬ್ಬರು ಮಕ್ಕಳಿದ್ದಾರೆ, ಎರಡು ಸರದಿ ಕೊಡಿ ಎಂದರೆ ಉಸ್ತುವಾರಿ ಸಿಸ್ಟರ್ ಅವರ ಉತ್ತರ "ನಮ್ಮಲ್ಲಿ ತಾಯಿ ಲೆಕ್ಕ ಮೇಡಂ" ಎಂಬುದಾಗಿತ್ತು. ಐದನೆಯ ದಿನ ವೈದ್ಯರಿಗೆ ಒಂದು ಪುಟದ ಮನವಿ ಬರೆದುಕೊಟ್ಟೆ. ಮಗಳ ಬಳಿ ನಾನು, ಮಗನ ಬಳಿ ನನ್ನ ಗಂಡ ಅಥವಾ ಅಮ್ಮ ಕುಳಿತುಕೊಳ್ಳುತ್ತೇವೆ, ಒರಗುವ ಕುರ್ಚಿ ಇಲ್ಲದಿದ್ದರೆ ಪ್ಲಾಸ್ಟಿಕ್ ಕುರ್ಚಿಯೂ ಆದೀತು, ರಾತ್ರಿಯೂ ಬಿಡಿ ಎಂದಿದ್ದೆ. ಅವರು ಅದರ ಮೇಲೆಯೇ "ಅನುಮತಿಸಿದೆ" ಎಂದು ಬರೆದು ಸಹಿ ಹಾಕಿದರು. ಅಷ್ಟು ಸುಲಭದಲ್ಲಿ ಆಗುವಂತಿದ್ದರೆ ನಾಲ್ಕು ದಿನ ನಮ್ಮನ್ನು ಹೊರಗೆ ಕೂರಿಸಿದ್ದೇಕೆ ಎಂಬುದು ನನಗೆ ಇಂದಿಗೂ ತಿಳಿದಿಲ್ಲ. "ಕೋತಿ ಮರಿ ಅವುಚಿಕೊಂಡಂಗೆ ಇದೇನವ್ವ" ಎಂದು ಮೊದಲು ನಾಚಿದ್ದ ಅಮ್ಮ, ಮೊಮ್ಮಗನನ್ನು ಎದೆಗೆ ಕಟ್ಟಿಕೊಂಡ ಹತ್ತು ನಿಮಿಷಕ್ಕೆ ಪರದೆಯ ಮೇಲಿನ ಅವನ ಎದೆಬಡಿತ 168ರಿಂದ 142ಕ್ಕೆ ಇಳಿದದ್ದನ್ನು ತೋರಿಸಿದಾಗ ಸುಮ್ಮನಾದರು. ಆಮೇಲೆ ಎಬ್ಬಿಸಿದರೂ ಏಳಲಿಲ್ಲ.

ಕಾಮಾಲೆಯ ಪ್ರಸಂಗವನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ, ಅದರಲ್ಲಿ ಆಸ್ಪತ್ರೆಯ ಕೆಲಸ ಅಚ್ಚುಕಟ್ಟಾಗಿತ್ತು. ನಾಲ್ಕನೆಯ ದಿನ ಮಗನ ರಕ್ತದಲ್ಲಿ ಬಿಲಿರುಬಿನ್, ಅಂದರೆ ಕಾಮಾಲೆಯ ಹಳದಿ ಅಂಶ, 15 ದಾಟಿತು. ಕಣ್ಣಿಗೆ ಪಟ್ಟಿ ಕಟ್ಟಿ ಎರಡು ದಿನ ನೀಲಿ ಬೆಳಕಿನಡಿ ಮಲಗಿಸಿದರು, ಹಾಲಿಗೆ ಮಾತ್ರ ಹೊರತೆಗೆಯುತ್ತಿದ್ದರು, 9ಕ್ಕೆ ಇಳಿಯಿತು. ಎಳೆಬಿಸಿಲಿಗೆ ಹಿಡಿದರೆ ಸಾಲದೇ ಎಂದು ಕೇಳಿದ ಅಮ್ಮನಿಗೆ, ಇಷ್ಟು ಏರಿದ ಕಾಮಾಲೆಗೆ ಬಿಸಿಲು ಸಾಲುವುದಿಲ್ಲ, ಬಟ್ಟೆ ಬಿಚ್ಚಿ ಹಿಡಿದರೆ ಮಗು ತಣ್ಣಗಾಗುತ್ತದೆ ಎಂದು ವೈದ್ಯರು ಗದರದೆ ಹೇಳಿದರು.

ಎಲ್ಲಕ್ಕಿಂತ ದೊಡ್ಡ ಪೇಚು ಎಂಟನೆಯ ದಿನ ಬಂತು. ನನ್ನ ಬಿಡುಗಡೆ ಐದನೆಯ ದಿನವೇ ಆಗಿ, ನಾನು ತಾಯಂದಿರ ಸಾಮೂಹಿಕ ಕೋಣೆಗೆ ಇಳಿದಿದ್ದೆ. ಎಂಟನೆಯ ದಿನ ಮಗಳು ಮೊಲೆ ಕುಡಿಯಲು ಕಲಿತು, ಮೂರು ದಿನ ಸತತವಾಗಿ ತೂಕ ಏರಿಸಿಕೊಂಡು 2,060 ಗ್ರಾಂ ಆಗಿ ಬಿಡುಗಡೆ ಪಡೆದಳು. 1,730ಕ್ಕೆ ಇಳಿದಿದ್ದ ಮಗ ಇನ್ನೂ 1,780ರಲ್ಲಿದ್ದ. ಆಗ ಗೊತ್ತಾದದ್ದು ಏನೆಂದರೆ, ಒಮ್ಮೆ ಹೊರಹೋದ ಮಗುವನ್ನು ಸೋಂಕಿನ ಭಯದಿಂದ ಮತ್ತೆ ಘಟಕದೊಳಗೆ ಬಿಡುವುದಿಲ್ಲ, ತಾಯಂದಿರ ಕೋಣೆಯಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ. ಎರಡೂ ನಿಯಮಗಳಿಗೆ ಬೇರೆ ಬೇರೆಯಾಗಿ ಕಾರಣವಿದೆ, ನಾನು ಒಪ್ಪುತ್ತೇನೆ. ಎರಡನ್ನೂ ಸೇರಿಸಿದರೆ, ಎರಡು ಗಂಟೆಗೊಮ್ಮೆ ಹಾಲು ಬೇಕಾದ ಇಬ್ಬರು ಮಕ್ಕಳಲ್ಲಿ ಒಬ್ಬರನ್ನು ಆರಿಸಿಕೊ ಎಂದು ತಾಯಿಗೆ ಹೇಳಿದಂತಾಗುತ್ತದೆ. ಬಿಡುಗಡೆಯ ಕೌಂಟರಿನಲ್ಲಿ ಇದನ್ನು ಹೇಳಿದಾಗ ಅಲ್ಲಿದ್ದ ಹುಡುಗ ನಿಜಕ್ಕೂ ಪೆಚ್ಚಾಗಿ, ಹಿಂದೆ ಯಾರೂ ಹೀಗೆ ಕೇಳಿರಲಿಲ್ಲ ಎಂದ. ಅವಳಿ ಮಕ್ಕಳ ಹೆರಿಗೆ ಅಲ್ಲಿ ನಮ್ಮದೇ ಮೊದಲನೆಯದಾಗಿರಲಾರದು.

ಕೊನೆಗೆ ದಿನಕ್ಕೆ 3,200 ರೂಪಾಯಿಯ ಖಾಸಗಿ ಕೋಣೆಯನ್ನು ಐದು ದಿನಕ್ಕೆ ಹಿಡಿದು, ಮಗಳನ್ನು ಅಮ್ಮನ ಜೊತೆ ಅಲ್ಲಿ ಮಲಗಿಸಿ, ನಾನು ಎರಡು ಮಹಡಿಗಳ ನಡುವೆ ಓಡಾಡಿದೆ. ಹೊಲಿಗೆ ಒಣಗದ ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಲಿಫ್ಟಿಗೆ ಕಾಯುವುದು, ಮಗನಿಗೆ ಕುಡಿಸುತ್ತಿರುವಾಗ ಅಮ್ಮನ ಫೋನಿನಲ್ಲಿ ಮಗಳ ಅಳು ಕೇಳುವುದು, ಅಷ್ಟಕ್ಕೇ ಇನ್ನೊಂದು ಎದೆಯ ಹಾಲು ಸೋರಿ ರವಿಕೆ ನೆನೆಯುವುದು, ಇದು ದಿನಕ್ಕೆ ಹನ್ನೆರಡು ಸಲ. ಘಟಕಕ್ಕೆ ಅಂಟಿಕೊಂಡು ಒಂದು ಸಣ್ಣ ಕೋಣೆ, ಒಂದು ಮಂಚ, ಒಂದು ಬಾಗಿಲು ಇದ್ದಿದ್ದರೆ ಇದು ಯಾವುದೂ ಬೇಕಿರಲಿಲ್ಲ. ಅವಳಿ ಹೆರಿಗೆಗೆ ಆಸ್ಪತ್ರೆ ಆರಿಸುವವರು ವೆಂಟಿಲೇಟರ್ ಎಷ್ಟಿವೆ ಎಂದು ಕೇಳುವುದರ ಜೊತೆಗೆ, ಒಬ್ಬರು ಹೊರಬಂದು ಇನ್ನೊಬ್ಬರು ಒಳಗುಳಿದರೆ ತಾಯಿ ಎಲ್ಲಿರಬೇಕು ಎಂದೂ ಕೇಳಬೇಕು.

ಹಣದ ವಿಷಯ. ಸೇರುವಾಗ ಕೊಟ್ಟ ಅಂದಾಜು ದಿನಕ್ಕೆ 7,500 ರೂಪಾಯಿ. ಅದು ಒಂದು ಮಗುವಿಗೆ ಎಂಬುದನ್ನು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಮಗಳಿಗೆ 8 ದಿನ, ಮಗನಿಗೆ 13 ದಿನ, ಅಂದರೆ ಹಾಸಿಗೆಯ ಬಾಡಿಗೆಯೇ 1,57,500 ರೂಪಾಯಿ, ಪರೀಕ್ಷೆ ಮತ್ತು ವೈದ್ಯರ ಭೇಟಿ ಬೇರೆ. ಕೊನೆಯ ಬಿಲ್ಲಿನಲ್ಲಿ ನೀಲಿ ಬೆಳಕಿನ ಶುಲ್ಕವನ್ನು ಇಬ್ಬರಿಗೂ ಹಾಕಿದ್ದರು. ಮಗಳು ಅದರಡಿ ಒಂದು ನಿಮಿಷವೂ ಮಲಗಿರಲಿಲ್ಲ. ತೋರಿಸಿದ ಕೂಡಲೇ ತೆಗೆದರು, ತಕರಾರು ಮಾಡಲಿಲ್ಲ. ಅವಳಿ ಮಕ್ಕಳ ಬಿಲ್ಲನ್ನು ಸಾಲು ಸಾಲಾಗಿ ಓದದೆ ದುಡ್ಡು ಕಟ್ಟಬಾರದು. ಕೈಯಲ್ಲಿ ಅಷ್ಟು ಹಣವಿಲ್ಲದವರು ಇನ್ನೊಂದನ್ನು ತಿಳಿದಿರಬೇಕು: 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಅನಾರೋಗ್ಯದ ಶಿಶುಗಳ ಚಿಕಿತ್ಸೆ ಉಚಿತ, ಮೊದಲು 30 ದಿನಕ್ಕಿದ್ದದ್ದನ್ನು ಆಮೇಲೆ ಒಂದು ವರ್ಷದವರೆಗೆ ವಿಸ್ತರಿಸಿದ್ದಾರೆ. ಮೈಸೂರಿನಲ್ಲಿ ಅದಕ್ಕೆ ಚೆಲುವಾಂಬ ಆಸ್ಪತ್ರೆಯಿದೆ.

13ನೆಯ ದಿನ ಮಗ 1,900 ಗ್ರಾಂ ತೂಗಿ ಹೊರಬಂದ. ಬಿಡುಗಡೆಯ ಪತ್ರಗಳನ್ನು ಮನೆಯಲ್ಲಿ ಓದುವಾಗ ಇನ್ನೊಂದು ತಪ್ಪು ಕಣ್ಣಿಗೆ ಬಿತ್ತು. ಕಣ್ಣಿನ ರೆಟಿನಾ ಪರೀಕ್ಷೆ ನಮ್ಮ ದೇಶದ ನಿಯಮದಂತೆ 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2,000 ಗ್ರಾಂಗಿಂತ ಕಡಿಮೆ ತೂಗಿದ ಮಕ್ಕಳಿಗೆ 30 ದಿನದೊಳಗೆ ಆಗಲೇಬೇಕು. ನಮ್ಮಲ್ಲಿ ಅದು ಬೇಕಾದದ್ದು ತೂಕ ಕಡಿಮೆಯಿದ್ದ ಮಗನಿಗೆ. ದಿನಾಂಕ ಬರೆದಿದ್ದದ್ದು ಮಗಳ ಹಾಳೆಯಲ್ಲಿ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಜಿಲ್ಲೆಗಳ ಆಸ್ಪತ್ರೆಗಳಿಗೇ ಕ್ಯಾಮೆರಾ ಹೊತ್ತು ಹೋಗಿ ಈ ಪರೀಕ್ಷೆ ಮಾಡುತ್ತಾರೆಂದು ಎಲ್ಲೋ ಓದಿದ್ದು ನೆನಪಿದ್ದುದರಿಂದ ನಾನು ಆ ಸಾಲನ್ನು ಹುಡುಕಿದೆ, ಇಲ್ಲದಿದ್ದರೆ ತಪ್ಪಿಹೋಗುತ್ತಿತ್ತು. ಫೋನ್ ಮಾಡಿದಾಗ ಕ್ಷಮೆ ಕೇಳಿ ಅದೇ ವಾರ ಇಬ್ಬರಿಗೂ ಮಾಡಿಸಿದರು, ಮಗಳದ್ದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಇಬ್ಬರ ಕಣ್ಣೂ ಸರಿಯಿವೆ. ಕಿವಿಯ ಪರೀಕ್ಷೆಯನ್ನು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾಡಿಸಿದೆವು. ಮೈಸೂರಿನವರಿಗೆ ಅದಕ್ಕಾಗಿ ಬೇರೆಡೆ ಹೋಗುವ ಅಗತ್ಯವೇ ಇಲ್ಲ.

ವೈದ್ಯಕೀಯಕ್ಕೆ ಐದರಲ್ಲಿ ನಾಲ್ಕೂವರೆ, ಸಿಸ್ಟರ್‌ಗಳಿಗೆ ಐದು, ತಾಯಿಗಾಗಿ ಮಾಡಿದ ವ್ಯವಸ್ಥೆಗೆ ಒಂದೂವರೆ ಕೊಡುತ್ತೇನೆ. ಒಂದೇ ಮಗುವಾಗಿದ್ದರೆ ಇನ್ನೊಮ್ಮೆ ಅಲ್ಲಿಗೇ ಹೋಗುತ್ತೇನೆ. ಮಕ್ಕಳ ತಪಾಸಣೆಗೆ ಈಗಲೂ ಅದೇ ವೈದ್ಯರ ಬಳಿ ಹೋಗುತ್ತಿದ್ದೇವೆ. ಕಳೆದ ಬಾರಿ ಹೋದಾಗ ಕೌಂಟರಿನಲ್ಲಿ ಎರಡು ಶುಲ್ಕ ತೆಗೆದುಕೊಂಡು ಒಂದೇ ಟೋಕನ್ ಕೊಟ್ಟರು. ಒಳಗೆ ಮಗಳನ್ನು ನೋಡಿ ಮುಗಿಯುತ್ತಿದ್ದಂತೆ ಮುಂದಿನ ನಂಬರ್ ಕೂಗಿದರು, ಅಮ್ಮ ಮೊಮ್ಮಗನನ್ನು ಎತ್ತಿಕೊಂಡು ಬಾಗಿಲಿಗೆ ಅಡ್ಡ ನಿಂತರು.